ಕಣ್ಣಂದಾಜಿಗೆ ಸಿಗದ ರಕ್ತ

ಹೆರಿಗೆಯಾದ ಮೇಲೆ ತಾಯಿಗೆ ಎಷ್ಟು ರಕ್ತ ಹೋಯಿತು? ನಾನು ಲೇಬರ್ ರೂಮಿಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದಕ್ಕೆ ಉತ್ತರ ಸುಲಭ ಇತ್ತು. ಬಟ್ಟೆ ಎಷ್ಟು ತೊಯ್ದಿದೆ ನೋಡಬೇಕು, ಟೇಬಲ್ ಕೆಳಗಿನ ಬಕೆಟ್ ನೋಡಬೇಕು, "ಒಂದ್ ಮುನ್ನೂರು ಎಂಎಲ್" ಅಂತ ಕೇಸ್ ಪೇಪರಿನಲ್ಲಿ ಬರೆಯಬೇಕು. ಎಲ್ಲರೂ ಹಾಗೇ ಬರೆಯುತ್ತಿದ್ದೆವು. ಹಿರಿಯ ಸಿಸ್ಟರ್‌ಗಳದ್ದು ಪಳಗಿದ ಕಣ್ಣು, ಅದರ ಮೇಲೆ ನಮಗೆ ಭಾರಿ ನಂಬಿಕೆ. 500 ಎಂಎಲ್ ದಾಟಿದರೆ ಅಪಾಯ ಅಂತ ಪುಸ್ತಕದಲ್ಲಿ ಓದಿದ್ದೆವು. ನಮ್ಮ ಕೇಸ್ ಪೇಪರುಗಳಲ್ಲಿ ಮಾತ್ರ 500 ಅನ್ನುವ ಅಂಕಿ ಕಾಣುತ್ತಿದ್ದದ್ದೇ ಅಪರೂಪ.

ಈ ಕಣ್ಣಂದಾಜನ್ನು ಬೆಳಗಾವಿಯಲ್ಲಿ ಒಮ್ಮೆ ಪರೀಕ್ಷೆಗೆ ಹಚ್ಚಿದರು. ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ, ಹೆರಿಗೆ ನಂತರದ ರಕ್ತಸ್ರಾವ ತಡೆಯುವ ಮಾತ್ರೆಯ ಬಗ್ಗೆ ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ನಡೆಸುತ್ತಿದ್ದರು. ಮಾತ್ರೆ ಕೆಲಸ ಮಾಡಿತೋ ಇಲ್ಲವೋ ತಿಳಿಯಬೇಕಾದರೆ ಮೊದಲು ರಕ್ತ ಅಳೆಯಲು ಬರಬೇಕಲ್ವಾ? ಅದಕ್ಕೇ ಒಂದು ಪ್ಲಾಸ್ಟಿಕ್ ಹಾಳೆ ಮಾಡಿಕೊಂಡರು. ಮಗು ಹುಟ್ಟಿದ ಕೂಡಲೇ ತಾಯಿಯ ಸೊಂಟದ ಕೆಳಗೆ ಅದನ್ನು ಹಾಸುತ್ತಾರೆ. ಹಾಳೆಯ ಕೆಳತುದಿ ಲಾಳಿಕೆಯ ಹಾಗೆ ಇಳಿದು ಚೀಲವಾಗುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳಿರುತ್ತವೆ. ರಕ್ತ ಯಾವ ಗೆರೆಗೆ ಬಂದಿದೆ ಅಂತ ಓದಿದರೆ ಮುಗಿಯಿತು. ಬೆಳಗಾವಿ ಜಿಲ್ಲಾ ಆಸ್ಪತ್ರೆಯಲ್ಲಿ 123 ತಾಯಂದಿರ ಹೆರಿಗೆಯಲ್ಲಿ ಕೆಲವರಿಗೆ ಈ ಚೀಲ, ಕೆಲವರಿಗೆ ಮಾಮೂಲಿ ಕಣ್ಣಂದಾಜು ಅಂತ ಹಂಚಿ ಹೋಲಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶ: ಕಣ್ಣಂದಾಜು ಚೀಲದ ಅಳತೆಗಿಂತ ಶೇಕಡಾ 33ರಷ್ಟು ಕಡಿಮೆ. ಪಳಗಿದ ಕಣ್ಣು ಮೂರರಲ್ಲಿ ಒಂದು ಪಾಲು ರಕ್ತವನ್ನು ನೋಡಿಯೇ ಇರಲಿಲ್ಲ.

ಮಾತ್ರೆಯ ಅಧ್ಯಯನವೂ ಅದೇ ವರ್ಷ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೈಸೊಪ್ರೊಸ್ಟಾಲ್ ಅಂತ ಮಾತ್ರೆ, ಕೊಟ್ಟವರು ಹಳ್ಳಿಗಳ ಎಎನ್‌ಎಂ ಸಿಸ್ಟರ್‌ಗಳು, ಭಾಗವಹಿಸಿದ ತಾಯಂದಿರು 1,620. ಅತಿಯಾದ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಇದು ದೊಡ್ಡ ಸುದ್ದಿಯಾಯಿತು, ಆಗಬೇಕಾದದ್ದೇ. ನನಗೆ ಮಾತ್ರ ಆ ಚೀಲದ ಮೇಲೆ ಪ್ರೀತಿ ಜಾಸ್ತಿ. ಮುಂದೆ 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಇಂಥದ್ದೇ ಗೆರೆಯ ಚೀಲವನ್ನು, ರಕ್ತ ಕಂಡ ಕೂಡಲೇ ಮಾಡಬೇಕಾದ ಚಿಕಿತ್ಸೆಗಳ ಒಂದು ಕಟ್ಟಿನ ಜೊತೆ ಸೇರಿಸಿ ಬಳಸಿದರು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಕೆಡುಕು ಶೇ. 60ರಷ್ಟು ಕಡಿಮೆಯಾಯಿತು. ಕಟ್ಟಿನಲ್ಲಿದ್ದ ಚಿಕಿತ್ಸೆಗಳೆಲ್ಲ ಹಳೆಯವೇ. ಸಮಯಕ್ಕೆ ಸರಿಯಾಗಿ ಕಂಡುಹಿಡಿಯೋದು, ಎಲ್ಲವನ್ನೂ ಒಟ್ಟಿಗೆ ಮಾಡೋದು, ಅಷ್ಟೇ ಹೊಸದು.

ಅಕ್ಕನ ಮಗಳು ವಿಜಯಪುರದಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷ ವಾರ್ಡಿನಲ್ಲಿ ದುಡಿದಿದ್ದಾಳೆ. ಹೋದ ದೀಪಾವಳಿಗೆ ಮನೆಗೆ ಬಂದವಳು ಕೇಳಿದಳು: "ಚಿಗವ್ವಾ, ಹೆಲ್ತ್‌ಕೇರ್ ಕ್ವಾಲಿಟಿ ಅಂಡ್ ಪೇಷಂಟ್ ಸೇಫ್ಟಿ ಅಂತ ಪಿಜಿ ಅದ ಅಂತಲ್ಲ, ಅದು ಫೈಲ್ ತುಂಬೋ ಕೆಲಸ ಅಲ್ಲೇನು? ಅದಕ್ಕೂ ಎರಡು ವರ್ಷ ಓದಬೇಕೇನು?" ಆಸ್ಪತ್ರೆಯ ಆರೈಕೆಯ ಗುಣಮಟ್ಟ, ರೋಗಿಯ ಸುರಕ್ಷತೆ, ಇವನ್ನು ಕಲಿಸುವ ಓದು ಅದು. ಅವಳಿಗೆ ಮೊದಲು ಹೇಳಿದ್ದು ಈ ಚೀಲದ ಕತೆ. ಉಳಿದದ್ದನ್ನು ಅವಳಿಗೆ ಹೇಳಿದ ಹಾಗೇ ಇಲ್ಲಿ ಬರೆಯುತ್ತಿದ್ದೇನೆ.

ಫೈಲ್ ಮಾತು ಪೂರ್ತಿ ಸುಳ್ಳಲ್ಲ. ಇನ್‌ಸ್ಪೆಕ್ಷನ್‌ಗೆ ಎರಡು ದಿನ ಇರುವಾಗ ಆರು ತಿಂಗಳ ರಿಜಿಸ್ಟರನ್ನು ಒಂದೇ ಪೆನ್ನಿನಲ್ಲಿ ತುಂಬುವವರನ್ನು ನಾನೂ ನೋಡಿದ್ದೇನೆ. ಆದರೆ ಈ ಓದು ಹುಟ್ಟಿದ್ದು ಫೈಲಿನಿಂದಲ್ಲ, ಸಾವಿನ ಲೆಕ್ಕದಿಂದ. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ಕೊಟ್ಟಿತು. ಅಲ್ಲಿನ ಆಸ್ಪತ್ರೆಗಳಲ್ಲಿ ತಪ್ಪುಗಳಿಂದಲೇ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿದ್ದಾರೆ ಅಂತ. ಆ ಅಂಕಿ ಎಷ್ಟು ಸರಿ ಅನ್ನುವ ಜಗಳ ಆಮೇಲೂ ನಡೆಯಿತು. ಬಡ ಮತ್ತು ಮಧ್ಯಮ ಆದಾಯದ ದೇಶಗಳ ಅಂದಾಜು ಇನ್ನೂ ದೊಡ್ಡದು: ಆಸ್ಪತ್ರೆ ಆರೈಕೆಯಲ್ಲಿ ವರ್ಷಕ್ಕೆ 13.4 ಕೋಟಿ ಅವಘಡ, 26 ಲಕ್ಷ ಸಾವು. ಅಂಕಿಗಿಂತ ಮುಖ್ಯವಾದದ್ದು 1999ರ ವರದಿಯ ಇನ್ನೊಂದು ಮಾತು. ಈ ತಪ್ಪುಗಳಲ್ಲಿ ಹೆಚ್ಚಿನವು ಕೆಟ್ಟ ಡಾಕ್ಟರು, ಸೋಮಾರಿ ನರ್ಸು ಮಾಡಿದ್ದಲ್ಲ. ಒಳ್ಳೆಯವರೂ ತಪ್ಪುವ ಹಾಗೆ ಕೆಲಸವನ್ನು ಜೋಡಿಸಿಟ್ಟದ್ದರಿಂದ ಆದದ್ದು.

ಇದನ್ನು ಓದಿದಾಗ "ಹೌದಲ್ಲ" ಅನಿಸುತ್ತದೆ. ವಾರ್ಡಿನಲ್ಲಿ ನಿಂತಾಗ ಒಪ್ಪೋದು ಕಷ್ಟ. ಒಂದು ರಾತ್ರಿಯ ಕತೆ ಹೇಳುತ್ತೇನೆ, ಆಸ್ಪತ್ರೆಯ ಹೆಸರು ಬೇಡ.

ರಾತ್ರಿ ಮೂರರ ಹೊತ್ತು. ಇಂಜೆಕ್ಷನ್ ಪುಡಿ ಕರಗಿಸಲು ಸಿಸ್ಟರ್‌ಗೆ ಡಿಸ್ಟಿಲ್ಡ್ ವಾಟರ್ ಬೇಕು. ಟ್ರೇಗೆ ಕೈ ಹಾಕಿದರು, ಒಂದು ಆಂಪ್ಯೂಲ್ (ಔಷಧದ ಪುಟ್ಟ ಸೀಸೆ) ಬಂತು, ಸಿರಿಂಜಿಗೆ ಎಳೆದುಕೊಂಡರು. ಖಾಲಿ ಆಂಪ್ಯೂಲ್ ಎಸೆಯುವಾಗ ಯಾಕೋ ಒಮ್ಮೆ ಲೈಟಿಗೆ ಹಿಡಿದು ನೋಡಿದರು. ಪೊಟ್ಯಾಸಿಯಂ ಕ್ಲೋರೈಡ್. ಅದನ್ನು ಸಲೈನಿನಲ್ಲಿ ತೆಳ್ಳಗೆ ಮಾಡಿ ನಿಧಾನ ಬಿಟ್ಟರೆ ಔಷಧ. ಹಾಗೇ ನರಕ್ಕೆ ಕೊಟ್ಟರೆ ಎದೆಬಡಿತ ನಿಲ್ಲುತ್ತದೆ. ಎರಡು ಆಂಪ್ಯೂಲೂ 10 ಎಂಎಲ್, ಎರಡೂ ಬಣ್ಣವಿಲ್ಲದ ಪ್ಲಾಸ್ಟಿಕ್, ಎರಡರ ಮೇಲಿನ ಅಕ್ಷರವೂ ಇರುವೆ ಸಾಲು.

ಬೆಳಿಗ್ಗೆ ಆ ಸಿಸ್ಟರ್ ತಾವೇ ಬಂದು ಹೇಳಿದರು. ಹೇಳಿದ್ದಕ್ಕೆ ಸಿಕ್ಕಿದ್ದು ಮೆಮೊ. ಜೊತೆಗೆ ಎಲ್ಲ ವಾರ್ಡಿಗೂ ಸುತ್ತೋಲೆ: "ಔಷಧ ಕೊಡುವಾಗ ಎಚ್ಚರಿಕೆ ವಹಿಸತಕ್ಕದ್ದು." ಆಮೇಲೆ ಬಹಳ ದಿನ ಯಾರೂ ಇಂಥ ವಿಷಯ ಬಾಯಿ ಬಿಡಲಿಲ್ಲ. ತಪ್ಪು ನಿಂತಿತ್ತು ಅಂತಲ್ಲ, ಹೇಳೋದು ನಿಂತಿತ್ತು.

ರೋಗಿ ಸುರಕ್ಷತೆಯ ತರಗತಿಯಲ್ಲಿ ಇದೇ ಪ್ರಸಂಗವನ್ನು ಬೇರೆ ಥರ ಬಿಚ್ಚುತ್ತಾರೆ. ಇದಕ್ಕೆ ಮೂಲಕಾರಣ ಹುಡುಕೋದು ಅನ್ನುತ್ತಾರೆ. ಯಾಕೆ ತಪ್ಪು ಆಂಪ್ಯೂಲ್ ಬಂತು? ಎರಡೂ ಒಂದೇ ಟ್ರೇಯಲ್ಲಿದ್ದವು. ಯಾಕೆ ಒಂದೇ ಟ್ರೇ? ಸ್ಟೋರಿನಿಂದ ಬಂದದ್ದನ್ನು ಖಾಲಿ ಜಾಗ ಕಂಡಲ್ಲಿ ತುಂಬುವುದು ರೂಢಿ. ಪೊಟ್ಯಾಸಿಯಂ ವಾರ್ಡಿನಲ್ಲಿ ಯಾಕಿತ್ತು? ಪ್ರತಿ ಸಲ ಫಾರ್ಮಸಿಗೆ ಓಡುವುದು ತಪ್ಪಲಿ ಅಂತ. ರಾತ್ರಿ ಫಾರ್ಮಸಿಯಿಂದ ತರುವವರು ಯಾರು? ಯಾರೂ ಇಲ್ಲ, ವಾರ್ಡಿಗೆ ಒಬ್ಬರೇ ಸಿಸ್ಟರ್. ಟ್ಯೂಬ್‌ಲೈಟ್? ಒಂದು ಕೆಟ್ಟು ಹೋಗಿ ವಾರ ಆಗಿತ್ತು. ಹೀಗೆ ಕೇಳುತ್ತಾ ಹೋದರೆ ಆ ಸಿಸ್ಟರ್‌ನ ಕೈ ಕೊನೆಯ ಕೊಂಡಿ ಮಾತ್ರ ಅಂತ ಗೊತ್ತಾಗುತ್ತದೆ. ಜೇಮ್ಸ್ ರೀಸನ್ ಅನ್ನುವ ಬ್ರಿಟಿಷ್ ಮನಃಶಾಸ್ತ್ರಜ್ಞ ಇದನ್ನು ತೂತಿನ ಚೀಸ್ ಹೋಳುಗಳಿಗೆ ಹೋಲಿಸಿದ. ನಮ್ಮ ಕಡೆ ಆ ಚೀಸ್ ಕಂಡವರು ಕಡಿಮೆ. ತೂತು ಬಿದ್ದ ಹಳೇ ತಗಡುಗಳನ್ನು ಒಂದರ ಮೇಲೊಂದು ಹೊದಿಸಿದ ಚಪ್ಪರ ಅಂದುಕೊಳ್ಳಿ. ಒಂದರ ತೂತನ್ನು ಇನ್ನೊಂದು ಮುಚ್ಚಿರುತ್ತದೆ. ಎಲ್ಲ ತೂತೂ ಒಂದೇ ಸಾಲಿಗೆ ಬಂದ ದಿನ ಮಳೆ ನೇರ ತಲೆ ಮೇಲೆ.

ಇಷ್ಟಕ್ಕೆ ಬಿಟ್ಟರೆ ಸುಮ್ನೆ ತತ್ವ ಹೇಳಿದ ಹಾಗೆ. ಮುಂದಿನ ಪ್ರಶ್ನೆ, ಏನು ಮಾಡಬೇಕು ಅನ್ನೋದು. ಈ ಓದಿನಲ್ಲಿ ನನಗೆ ಅತಿ ಉಪಯೋಗ ಬಿದ್ದ ಪಾಠ ಅದು: ಎಲ್ಲ ಪರಿಹಾರದ ಬಲ ಒಂದೇ ಅಲ್ಲ. ಎಚ್ಚರಿಕೆ ಅಂತ ಸುತ್ತೋಲೆ, ಮತ್ತೊಂದು ಟ್ರೈನಿಂಗ್, ಇವು ಅತಿ ದುರ್ಬಲ. ಕೆಲಸವೆಲ್ಲ ಮತ್ತೆ ಮನುಷ್ಯನ ನೆನಪಿನ ಮೇಲೇ ಬೀಳುತ್ತದೆ, ರಾತ್ರಿ ಮೂರಕ್ಕೆ ನೆನಪು ಕೈಕೊಡುತ್ತದೆ. ಇಬ್ಬರು ನೋಡಿ ಸಹಿ ಹಾಕೋದು, ಚೆಕ್‌ಲಿಸ್ಟು, ಕೆಂಪು ಸ್ಟಿಕರು, ಇವು ನಡುವಿನವು. ಎಲ್ಲಕ್ಕಿಂತ ಗಟ್ಟಿಯಾದದ್ದು, ತಪ್ಪು ಮಾಡಲು ಅವಕಾಶವೇ ಇಲ್ಲದ ಹಾಗೆ ಜೋಡಿಸೋದು. ಗಾಢ ಪೊಟ್ಯಾಸಿಯಂ ಕ್ಲೋರೈಡನ್ನು ಸಾಮಾನ್ಯ ವಾರ್ಡುಗಳಿಂದ ಎತ್ತಿಬಿಡೋದು. ಟ್ರೇಯಲ್ಲಿ ಅದು ಇಲ್ಲದ ಮೇಲೆ ನಿದ್ದೆಗಣ್ಣಿನ ಕೈಗೂ ಸಿಗೋದಿಲ್ಲ. ಪ್ರಪಂಚದ ಎಷ್ಟೋ ಆಸ್ಪತ್ರೆಗಳು ಇದನ್ನೇ ಮಾಡಿವೆ.

"ಹಂಗಾದ್ರ ಯಾರಿಗೂ ಬೈಯೋ ಹಂಗಿಲ್ಲೇನು?" ಅಂತ ಹುಡುಗಿ ಕೇಳಿದಳು. ಇದಕ್ಕೂ ಪಾಠ ಇದೆ. ಕೈತಪ್ಪಿ ಆದದ್ದಕ್ಕೆ ಸಮಾಧಾನ ಹೇಳಬೇಕು. ಎಲ್ಲರೂ ಹಿಡಿಯುವ ಅಡ್ಡದಾರಿ ಹಿಡಿದರೆ ಕೂರಿಸಿ ತಿದ್ದಬೇಕು, ಆ ಅಡ್ಡದಾರಿ ಯಾಕೆ ಬೇಕಾಯಿತು ಅಂತಲೂ ನೋಡಬೇಕು. ಗೊತ್ತಿದ್ದೂ ಬೇಕಂತಲೇ ರೋಗಿಯನ್ನು ಅಪಾಯಕ್ಕೆ ದೂಡಿದರೆ ಶಿಕ್ಷೆ ಆಗಲೇಬೇಕು. ನ್ಯಾಯವಾದ ಸಂಸ್ಕೃತಿ ಅಂತ ಕರೆಯುವುದು ಈ ವಿಂಗಡಣೆಯನ್ನೇ. ನಮ್ಮಲ್ಲಿ ಮೂರಕ್ಕೂ ಒಂದೇ ಮೆಮೊ.

ಇನ್ನೊಂದು ವಿಷಯ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ನಮ್ಮ ವಾರ್ಡಿನಲ್ಲಿ ಮುಗಿಯೋದೇ ಇಲ್ಲ. ರೋಗಿಯನ್ನು ಎರಡು ಗುರುತಿನಿಂದ ಖಚಿತ ಮಾಡಿಕೊಳ್ಳಿ ಅನ್ನುವ ನಿಯಮ. ಬಾಗಲಕೋಟೆ ಕಡೆಯ ಹೆಂಗಸರ ವಾರ್ಡಿನಲ್ಲಿ ನಿಂತು "ಬಸವ್ವ" ಅಂತ ಕೂಗಿ ನೋಡಿ, ಮೂವರು ಎದ್ದು ಕೂರುತ್ತಾರೆ. ಬೆಡ್ ನಂಬರ್ ನೆಚ್ಚುವ ಹಾಗಿಲ್ಲ, ಫ್ಯಾನ್ ಗಾಳಿ ಬರಲ್ಲ ಅಂತ ಇಬ್ಬರು ಅಜ್ಜಿಯರು ಮಧ್ಯಾಹ್ನವೇ ಹಾಸಿಗೆ ಬದಲಿಸಿಕೊಂಡಿರುತ್ತಾರೆ. ಗಂಡನ ಹೆಸರು ಕೇಳೋಣ ಅಂದರೆ ಹಳೇ ಕಾಲದ ಅವ್ವಂದಿರು ಅದನ್ನು ಬಾಯಿ ಬಿಟ್ಟು ಹೇಳೋದಿಲ್ಲ, ಪಕ್ಕದವರನ್ನು ತಿವಿದು ಹೇಳಿಸುತ್ತಾರೆ. ಎಲ್ಲಕ್ಕಿಂತ ಅಪಾಯದ್ದು "ಹೂಂ ರೀ". "ನೀವು ಬಸವ್ವ ಅಲ್ರೀ?" ಅಂತ ಕೇಳಿದರೆ ಕಿವಿ ಕೇಳದ ಶಾಂತವ್ವನೂ "ಹೂಂ ರೀ" ಅನ್ನುತ್ತಾರೆ. ಬಿಳಿ ಕೋಟಿನವರ ಮುಂದೆ ಇಲ್ಲ ಅನ್ನೋದು ಹೇಗೆ ಅಂತ. ಅದಕ್ಕೇ ಹೌದು-ಅಲ್ಲ ಅಂತ ಉತ್ತರ ಬರುವ ಪ್ರಶ್ನೆ ಬೇಡ, "ಯವ್ವಾ, ನಿಮ್ಮ ಹೆಸರು ಏನ್ರೀ?" ಅಂತ ಕೇಳಿ ಅವರ ಬಾಯಿಂದಲೇ ಹೇಳಿಸಬೇಕು. ಆಮೇಲೆ ಕೈಗೆ ಕಟ್ಟಿದ ಪಟ್ಟಿಯ ನೋಂದಣಿ ಸಂಖ್ಯೆ ನೋಡಬೇಕು. ಹೊರಗಿನಿಂದ ಬಂದ ನಿಯಮವೇ ಇದು, ಆದರೆ ಇದರ ಬೆಲೆ ನಮ್ಮೂರಿನಲ್ಲಿ ಗೊತ್ತಾಗುವಷ್ಟು ಬೇರೆಲ್ಲೂ ಗೊತ್ತಾಗಲ್ಲವೇನೋ.

ಈ ಪಿಜಿಯಲ್ಲಿ ಎಲ್ಲರೂ ಹೆದರುವ ವಿಷಯ ಅಂಕಿಸಂಖ್ಯೆ. ಹೆದರಬೇಕಾಗಿಲ್ಲ. ಮನೆಯಲ್ಲಿ ಎಮ್ಮೆ ಕಟ್ಟಿದವರಿಗೆ ಅದರ ಅರ್ಧ ಪಾಠ ಬರುತ್ತದೆ. ದಿನಾ ಐದು ಲೀಟರ್ ಕೊಡುವ ಎಮ್ಮೆ ಒಂದು ದಿನ ನಾಲ್ಕೂವರೆ ಕೊಟ್ಟರೆ ಅವ್ವ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡಕ್ಕೆ ಇಳಿದರೆ ದನದ ಡಾಕ್ಟರಿಗೆ ಫೋನ್. ಎಂಟು ದಿನ ಸತತ ಸ್ವಲ್ಪ ಸ್ವಲ್ಪ ಕಡಿಮೆ ಬಂದರೂ ಮೇವು ನೋಡುತ್ತಾಳೆ. ಮಾಮೂಲಿ ಏರಿಳಿತ ಯಾವುದು, ನಿಜವಾಗಿ ಏನೋ ಕೆಟ್ಟಿರುವ ಸೂಚನೆ ಯಾವುದು, ಇದನ್ನು ಬೇರೆ ಮಾಡಲು 1924ರಲ್ಲಿ ಅಮೆರಿಕದ ಟೆಲಿಫೋನ್ ಕಂಪನಿಯೊಂದರಲ್ಲಿದ್ದ ವಾಲ್ಟರ್ ಶೂಹಾರ್ಟ್ ಒಂದು ನಕ್ಷೆ ಮಾಡಿದ. ನಡುವೆ ಸರಾಸರಿಯ ಗೆರೆ, ಮೇಲೊಂದು ಕೆಳಗೊಂದು ಮಿತಿಯ ಗೆರೆ. ಚುಕ್ಕಿ ಮಿತಿ ದಾಟಿದರೆ, ಇಲ್ಲವೇ ಎಂಟು ಚುಕ್ಕಿ ಸಾಲಾಗಿ ಸರಾಸರಿಯ ಒಂದೇ ಬದಿಗೆ ಬಿದ್ದರೆ, ಕಾರಣ ಹುಡುಕಬೇಕು. ಆಸ್ಪತ್ರೆಯಲ್ಲಿ ಅದೇ ನಕ್ಷೆಗೆ ಗಾಯದ ಸೋಂಕು, ಬಿದ್ದ ರೋಗಿಗಳು, ಔಷಧದ ತಪ್ಪುಗಳನ್ನು ಹಾಕುತ್ತೇವೆ. ಇದು ಬರದಿದ್ದರೆ ಏನಾಗುತ್ತದೆ ಗೊತ್ತೇ? ಹೋದ ತಿಂಗಳು ಮೂರು, ಈ ತಿಂಗಳು ಐದು ಅಂತ ಮೀಟಿಂಗಿನಲ್ಲಿ ಬೈಗುಳ, ಮುಂದಿನ ತಿಂಗಳು ಎರಡು ಬಂದರೆ ಕೇಕ್. ಎರಡೂ ಮಾಮೂಲಿ ಏರಿಳಿತವೇ ಆಗಿರಬಹುದು.

ಏನನ್ನು ಅಳೆಯಬೇಕು ಅನ್ನುವುದಕ್ಕೆ ಅಮೆರಿಕದಲ್ಲಿದ್ದ ವೈದ್ಯ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಒಂದು ಚೌಕಟ್ಟು ಕೊಟ್ಟ. ಮೂರು ಮಾತು: ಏನಿದೆ, ಏನು ಮಾಡುತ್ತೀರಿ, ಏನಾಯಿತು. ಕಟ್ಟಡ, ಜನ, ಉಪಕರಣ ಮೊದಲನೆಯದು. ಕೈ ತೊಳೆದಿರಾ, ಬಿಪಿ ನೋಡಿದಿರಾ ಎರಡನೆಯದು. ರೋಗಿ ಗುಣವಾದರಾ ಮೂರನೆಯದು. ಒಂದು ಸರಿ ಇದ್ದರೆ ಮುಂದಿನದೂ ಸರಿ ಬರುತ್ತದೆ ಅಂತ ನಾವೆಲ್ಲ ನಂಬುತ್ತೇವೆ. ಆ ನಂಬಿಕೆಗೆ ಪೆಟ್ಟು ಕೊಟ್ಟ ಕತೆಯೂ ನಮ್ಮ ರಾಜ್ಯದಿಂದಲೇ ಶುರುವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತ ಹೆರಿಗೆಗೆ ಒಂದು ಚೆಕ್‌ಲಿಸ್ಟ್ ಮಾಡಿತ್ತು. ದಾಖಲಾದಾಗ, ಮಗು ಹೊರಬರುವ ಮುಂಚೆ, ಹುಟ್ಟಿದ ಒಂದು ತಾಸಿನೊಳಗೆ, ಮನೆಗೆ ಕಳಿಸುವಾಗ, ಹೀಗೆ ನಾಲ್ಕು ಕಡೆ ನಿಂತು ನೋಡುವ ಪಟ್ಟಿ. 2010ರಲ್ಲಿ ಅದನ್ನು ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ಪ್ರಯೋಗ ಮಾಡಿದರು. ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗುತ್ತಿದ್ದವು, ಚೆಕ್‌ಲಿಸ್ಟ್ ಬಂದ ಮೇಲೆ 25. ಎಲ್ಲರಿಗೂ ಖುಷಿ. ಆಪರೇಷನ್‌ಗೆ ಮಾಡಿದ್ದ ಇಂಥದ್ದೇ ಪಟ್ಟಿ ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಸಾವನ್ನು ಶೇ. 1.5ರಿಂದ 0.8ಕ್ಕೆ ಇಳಿಸಿದೆ ಅಂತ 2009ರಲ್ಲೇ ವರದಿಯಾಗಿತ್ತು. ಹಾಗಾಗಿ ಹೆರಿಗೆಯ ಪಟ್ಟಿಯನ್ನು ಉತ್ತರ ಪ್ರದೇಶದ 120 ಆಸ್ಪತ್ರೆಗಳ ದೊಡ್ಡ ಪ್ರಯೋಗಕ್ಕೆ ಒಯ್ದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆ. 2017ರಲ್ಲಿ ಫಲಿತಾಂಶ ಬಂತು. ಸಿಬ್ಬಂದಿಯ ಕೆಲಸ ಸುಧಾರಿಸಿತ್ತು. ತಾಯಿ-ಮಗುವಿನ ಸಾವು ನೋವಿನಲ್ಲಿ ಗಮನಿಸುವಂಥ ವ್ಯತ್ಯಾಸ ಇರಲಿಲ್ಲ. ಪಕ್ಕದಲ್ಲಿ ನಿಂತು ಹೇಳಿಕೊಡುವವರು ಹೋದ ಮೇಲೆ ಸುಧಾರಿಸಿದ್ದೂ ಅಷ್ಟಷ್ಟು ಇಳಿಯಿತು.

ಯಾಕೆ? ಇದರ ಮೇಲೆ ತರಗತಿಯಲ್ಲಿ ಇಡೀ ವಾರ ಚರ್ಚೆ ಮಾಡಬಹುದು. ರಕ್ತಸ್ರಾವ ಗುರುತಿಸಿದರೂ ರಕ್ತ ಕೊಡುವ ವ್ಯವಸ್ಥೆ ಇಲ್ಲದಿದ್ದರೆ? ರೆಫರ್ ಮಾಡಿದರೂ ಆಂಬುಲೆನ್ಸ್ ಬರಲು ತಾಸುಗಟ್ಟಲೆ ಆದರೆ? ಪಟ್ಟಿಯ ಮೇಲೆ ಟಿಕ್ ಬಿದ್ದರೂ ಆ ಕೆಲಸ ಆಗಬೇಕಾದ ಹೊತ್ತಿಗೆ, ಆಗಬೇಕಾದ ರೀತಿಯಲ್ಲಿ ಆಗದಿದ್ದರೆ? ಖಾನಾಪುರದ ಕಾಡಂಚಿನ ಊರಿನಿಂದ ಬೆಳಗಾವಿಗೆ ತಾಯಿಯನ್ನು ಕರೆತಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೆದ್ದ ಪ್ರಯೋಗಕ್ಕಿಂತ ಈ ಸೋತ ಪ್ರಯೋಗ ಹೆಚ್ಚು ಕಲಿಸುತ್ತದೆ ಅಂತ ನನ್ನ ಅಭಿಪ್ರಾಯ. ಸೋತದ್ದನ್ನು ಮುಚ್ಚಿಡದೆ ಪ್ರಕಟಿಸಿದರಲ್ಲ, ಅದೂ ಗುಣಮಟ್ಟವೇ.

ಇನ್ನು ಓದೋದು ಎಲ್ಲಿ, ಕೆಲಸ ಎಲ್ಲಿ. ಹೆಚ್ಚುಕಮ್ಮಿ ಇದೇ ಹೆಸರಿನ ಮಾಸ್ಟರ್ಸ್ ಪದವಿ ಹಾರ್ವರ್ಡ್ ಮೆಡಿಕಲ್ ಸ್ಕೂಲ್, ಜಾನ್ಸ್ ಹಾಪ್ಕಿನ್ಸ್‌ನಂಥ ಕಡೆ ಇದೆ. ಫೀಸು ಕೇಳಿದರೆ ಹೊಲ ಮಾರಬೇಕು. ನಮ್ಮ ದೇಶದಲ್ಲಿ ಇದು ಬಹುಮಟ್ಟಿಗೆ ಬೇರೆ ಪದವಿಗಳ ಒಳಗೆ ಬರುತ್ತದೆ: ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್ ಮಾಸ್ಟರ್ಸ್, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್), ಎಂಬಿಬಿಎಸ್ ಆದವರಿಗೆ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಎಂಡಿ. ಬೆಳಗಾವಿಯ ಕೆಎಲ್ಇ ವಿಶ್ವವಿದ್ಯಾಲಯದಲ್ಲಿ ಎಂಪಿಎಚ್ ಇದೆ. ಕೆಲಸ ಬಿಡಲಾಗದವರಿಗೆ ಇಗ್ನೋದ ಆಸ್ಪತ್ರೆ ನಿರ್ವಹಣೆಯ ಪಿಜಿ ಡಿಪ್ಲೊಮಾ ಇದೆ. ಸೇರುವ ಮುಂಚೆ ಪಠ್ಯಕ್ರಮ ತರಿಸಿ ನೋಡಿ. ಮೂಲಕಾರಣ ಹುಡುಕುವುದು, ಅಳತೆಯ ನಕ್ಷೆ, ಸೋಂಕು ತಡೆ, ಮನುಷ್ಯನ ಮಿತಿಗೆ ತಕ್ಕ ಹಾಗೆ ಕೆಲಸ ಜೋಡಿಸುವ ವಿದ್ಯೆ, ಮತ್ತು ನಿಜವಾದ ವಾರ್ಡಿನಲ್ಲಿ ಮಾಡುವ ಪ್ರಾಜೆಕ್ಟ್, ಇವು ಇಲ್ಲದಿದ್ದರೆ ಅದು ಬರೀ ಮ್ಯಾನೇಜ್‌ಮೆಂಟ್ ಕೋರ್ಸು. ಇನ್ನೊಂದು ಮಾತು, ಡಿಗ್ರಿ ಮುಗಿಸಿ ನೇರ ಇದಕ್ಕೆ ಹೋಗಬೇಡಿ. ಎರಡು ವರ್ಷ ರಾತ್ರಿ ಪಾಳಿ ಮಾಡದವರು ಬರೆದ ನಿಯಮಗಳನ್ನು ಓದಿ ಓದಿ ನಮಗೆ ಸಾಕಾಗಿದೆ.

ಕೆಲಸಕ್ಕೆ ಬರವಿಲ್ಲ. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ, 2005ರಲ್ಲಿ ಶುರುವಾದ ಎನ್‌ಎಬಿಎಚ್‌ನ ಮಾನ್ಯತೆ ಬೇಕೆಂದರೆ ಆಸ್ಪತ್ರೆಯಲ್ಲಿ ಗುಣಮಟ್ಟ ನೋಡಿಕೊಳ್ಳುವವರು ಇರಲೇಬೇಕು. ಸರ್ಕಾರಿ ಆಸ್ಪತ್ರೆಗಳಿಗೆ ಎನ್‌ಕ್ಯುಎಎಸ್ ಅನ್ನುವ ರಾಷ್ಟ್ರೀಯ ಗುಣಮಟ್ಟದ ಅಳತೆಗೋಲು ಇದೆ, ಲೇಬರ್ ರೂಮಿಗೆಂದೇ 2017ರಲ್ಲಿ ಬಂದ ಲಕ್ಷ್ಯ ಯೋಜನೆ ಇದೆ. ಎನ್‌ಕ್ಯುಎಎಸ್‌ನಲ್ಲಿ ನನಗೆ ಹಿಡಿಸಿದ್ದು ಅದರ ನೋಡುವ ಕ್ರಮ. ಕಣ್ಣಾರೆ ನೋಡು, ಸಿಬ್ಬಂದಿಯನ್ನು ಕೇಳು, ದಾಖಲೆ ಓದು, ರೋಗಿಯನ್ನು ಕೇಳು. ನಾಲ್ಕರಲ್ಲಿ ದಾಖಲೆ ಒಂದೇ ಒಂದು. ಒಂದೇ ಪೆನ್ನಿನಲ್ಲಿ ತುಂಬಿದ ರಿಜಿಸ್ಟರ್ ಉಳಿದ ಮೂರರಲ್ಲಿ ಸಿಕ್ಕಿಬೀಳುತ್ತದೆ.

ಹುಡುಗಿ ಕೋರ್ಸಿಗೆ ಸೇರುವ ಮುಂಚೆ ಒಂದು ಸಣ್ಣ ಕೆಲಸ ಮಾಡಿ ತೋರಿಸು ಅಂತ ಹೇಳಿದೆ. ಅವರ ವಾರ್ಡಿನಲ್ಲಿ ಡಿಸ್ಚಾರ್ಜ್ ಅಂತ ಡಾಕ್ಟರು ಬರೆದ ಮೇಲೆ ರೋಗಿ ಗೇಟು ದಾಟಲು ಎಷ್ಟು ಹೊತ್ತು ಆಗುತ್ತದೆ? ಎಲ್ಲರನ್ನೂ ಕೇಳಿದಳಂತೆ. ಸಿಸ್ಟರ್ "ಒಂದು ತಾಸು" ಅಂದರು, ಬಿಲ್ಲಿಂಗಿನವರು "ಅರ್ಧ ತಾಸು ರೀ, ನಮ್ಮ ಕಡೆಯಿಂದ ಲೇಟ್ ಇಲ್ಲ" ಅಂದರು. ಇಂಡಿ ತಾಲೂಕಿನಿಂದ ಬಂದಿದ್ದ ಒಬ್ಬ ಅಜ್ಜ ಮಾತ್ರ "ಮುಂಜಾನಿ ಅಂದಾರ, ಕೊನೀ ಬಸ್ಸಿಗೆ ಹೋಗ್ತೀವಿ ಬಿಡವ್ವ" ಅಂದನಂತೆ. ಈಗ ಅವಳು ಗಡಿಯಾರ ನೋಡಿ ಬರೆಯುತ್ತಿದ್ದಾಳೆ. ದಿನಕ್ಕೆ ಐದು ರೋಗಿ, ಒಂದು ಹಾಳೆ, ನಾಲ್ಕು ಸಮಯ: ಡಾಕ್ಟರು ಬರೆದದ್ದು, ಫೈಲ್ ಬಿಲ್ಲಿಂಗಿಗೆ ಹೋದದ್ದು, ಔಷಧ ಸಿಕ್ಕಿದ್ದು, ರೋಗಿ ಹೊರಟದ್ದು. ಮೊದಲ ವಾರದ ಹಾಳೆಯ ಫೋಟೊ ನಿನ್ನೆ ವಾಟ್ಸಾಪಿಗೆ ಬಂತು. ಮೂರನೇ ಕಾಲಮ್ಮಿನ ಅರ್ಧ ಖಾಲಿ ಇತ್ತು. ಯಾಕೆ ಅಂತ ಕೇಳಿದೆ. "ಚಿಗವ್ವಾ, ಫಾರ್ಮಸಿ ಮುಂದ ನಿಂತು ನಿಂತು ನನ್ನ ಡ್ಯೂಟೀನೇ ಮುಗೀತು" ಅಂದಳು.